ಮರಕ್ಕೊಂದು ಮಂಗಳವಾರ

ರಾಮಮೂರ್ತಿ ನಗರದಲ್ಲಿ ನಮ್ಮ ಮನೆಯ ಹಿಂದೆ ಮುನೇಶ್ವರನ ತೋಪಿತ್ತು. ಸುತ್ತ ಬಾಡಿಗೆ ಮನೆಗಳು ಎದ್ದರೂ ಅಲ್ಲಿನ ಹುಣಸೆ, ನೇರಳೆ, ಹೊಂಗೆಗಳನ್ನು ಯಾರೂ ಮುಟ್ಟಿರಲಿಲ್ಲ. ಒಣಕಡ್ಡಿಯನ್ನೂ ಒಲೆಗೆ ತರಬಾರದು ಎಂಬುದು ಊರ ಕಟ್ಟಳೆ. ಸೊಸೆಯಾಗಿ ಬಂದ ನಾನು ಇದಕ್ಕೆಲ್ಲ ಮೂಗು ಮುರಿಯುತ್ತಿದ್ದೆ. ಪೂಜೆ ಮಾತ್ರ ನಮ್ಮ ಅತ್ತೆಯದು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಮಂಗಳವಾರ ಮೇಸ್ತ್ರಿಯೊಬ್ಬ ಗರಗಸದವರನ್ನು ಕರೆತಂದ. ಲೇಔಟಿನ ರಸ್ತೆಗಾಗಿ ಅಷ್ಟೂ ಮರ ಹೋಗಬೇಕಂತೆ. ಅವನ ಕೈಯಲ್ಲಿ ಕಾಗದವಿತ್ತು, ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಆದರೆ ಗರಗಸದವರು ಚಪ್ಪಲಿ ಬಿಟ್ಟು ದೂರವೇ ನಿಂತು, ದೇವರ ಅಪ್ಪಣೆಯಿಲ್ಲದೆ ಮರ ಮುಟ್ಟುವುದಿಲ್ಲ ಎಂದರು.

ಅತ್ತೆ ಮುನೇಶ್ವರನ ಕಲ್ಲಿನ ಎಡಕ್ಕೂ ಬಲಕ್ಕೂ ಒಂದೊಂದು ಒದ್ದೆ ಕಣಗಲೆ ಅಂಟಿಸಿ, ಎದುರಿಗಿದ್ದ ನೇರಳೆಯ ಹೆಸರು ಹೇಳಿ ಕೇಳಿದರು. ಬಲದ ಹೂವು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ದೇವರನ್ನೇ ನಂಬದ ನಾನು ಎಡದ ಹೂವನ್ನು ಬೀಳು, ಬೀಳು ಎಂದು ಬೇಡಿಕೊಳ್ಳುತ್ತಿದ್ದೆ.

ಬಲದ್ದೇ ಬಿತ್ತು.

ಹಿಂದೆ ನಿಂತವರಿಗೆ ಅದು ಕಂಡಿರಲಿಲ್ಲ. ಎಡದ್ದು ಅಂದುಬಿಡಿ ಎಂದು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಿದೆ.

“ಇವತ್ತು ನಾನು ಸುಳ್ಳು ಹೇಳಿದ್ರೆ ನಾಳೆ ಅವನ ಮಾತನ್ನ ಯಾರಮ್ಮ ನಂಬ್ತಾರೆ?” ಎಂದವರೇ, ಬಲದ್ದು ಬಿತ್ತೆಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ನೇರಳೆ ಉರುಳಿದ ಮೇಲೆ ಮೇಸ್ತ್ರಿ ಹುಣಸೆಯತ್ತ ಕೈ ತೋರಿಸಿದ. ಅತ್ತೆ ಅಡ್ಡ ನಿಂತರು.

“ಕೇಳಿದ್ದು ನೇರಳೆಗೆ ಕಣಪ್ಪ. ಇದಕ್ಕೆ ಬರೋ ಮಂಗಳವಾರ ಕೇಳೋಣ.”

ತಮ್ಮ ಊರಲ್ಲೂ ಹೀಗೆಯೇ ಎಂದು ಗರಗಸದವರು ಹೊರಟರು. ಅವತ್ತು ಅತ್ತೆ ಊಟ ಮಾಡಲಿಲ್ಲ.

ಮುಂದಿನ ವಾರ ಎಡದ್ದು ಬಿತ್ತು. ಮೂರನೆಯ ಮಂಗಳವಾರ, ಹೊಂಗೆಯ ಸರದಿ. ಅವತ್ತು ಹೂವು ಇಡಲು ಅತ್ತೆ ನನಗೇ ಹೇಳಿದರು. ಬಲದ ಹೂವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿಬಿಟ್ಟೆ. ಅತ್ತೆ ನನ್ನ ಮುಖ ನೋಡಿದರು. ಅದನ್ನು ಕಿತ್ತು ಮತ್ತೆ ಹಗುರವಾಗಿ ಇಟ್ಟರು. ನನಗೆ ಭೂಮಿಗಿಳಿದು ಹೋದಂತಾಯಿತು. ಬಿಸಿಲು ನೆತ್ತಿಗೇರುವವರೆಗೂ ಎರಡೂ ಅಲುಗಲಿಲ್ಲ. ಕೊನೆಗೆ ಎಡದ್ದು ಜಾರಿತು.

ಮರಕ್ಕೊಂದು ಮಂಗಳವಾರ ಕಾದರೆ ತಾನು ಮುದುಕನಾಗುತ್ತೇನೆ ಎಂದು ಮೇಸ್ತ್ರಿ ಗೊಣಗಿದ. ಬೇರೆ ಗರಗಸದವರನ್ನು ಹುಡುಕಿದ, ಸುದ್ದಿ ತಿಳಿದು ಯಾರೂ ಬರಲಿಲ್ಲ. ರಸ್ತೆ ತೋಪನ್ನು ಬಿಟ್ಟು ಸುತ್ತಿಕೊಂಡು ಹೋಯಿತು. ನಾನು ಒತ್ತಿದ ಹೂವಿನಿಂದಲೇ ಆ ಮರಗಳು ಉಳಿದಿದ್ದರೆ, ಅವುಗಳ ನೆರಳಲ್ಲಿ ನಿಲ್ಲಲು ಇವತ್ತು ನನಗೆ ಮುಖವಿರುತ್ತಿರಲಿಲ್ಲ.