ಕಬ್ಬಿನೊಳಗೆ ಬಿದ್ದ ತಗಡುಗಳು
ಗುಡುಗು ಮಳೆ, ಸುಂಟರಗಾಳಿ ಹೇಗೆ ಹುಟ್ಟುತ್ತವೆಂದು ಕಂಪ್ಯೂಟರಿನಲ್ಲಿ ಮಾಡಿ ನೋಡುವುದು ನನ್ನ ಕೆಲಸ. ಗಲಗಲಿಯಲ್ಲಿ ಸುಂಟರಗಾಳಿ ಬೀಸಿದ ಮರುದಿನ ಹೋದಾಗ, ಕಬ್ಬಿನಲ್ಲಿ ಬಿದ್ದ ಎಂಟು ತಗಡುಗಳಿಗಾಗಿ ಗಂಗವ್ವನೂ ಪಕ್ಕದ ಹೊಲದ ಬೀರಪ್ಪನೂ ಜಗಳಾಡುತ್ತಿದ್ದರು. ಇಬ್ಬರ ದನದ ಶೆಡ್ಡೂ ಹಾರಿಹೋಗಿತ್ತು.

"ಇವು ಯಾರವು ಅಂತ ನಿಮ್ಮ ಕಂಪ್ಯೂಟರ್ ಹೇಳತೈತೇನ್ರಿ?" ಎಂದು ಗಂಗವ್ವ ಕೇಳಿದಳು.

ಗಾಳಿ ಸುತ್ತಿದ ದಾರಿಯನ್ನು ಪರದೆಯ ಮೇಲೆ ತೋರಿಸಿದೆ. "ಬೀರಪ್ಪನವು ಹೊಳೆಯ ಕಡೆ ಹೋಗಿವೆ. ಇವೆಲ್ಲ ನಿಮ್ಮವೇ" ಎಂದೆ. ನನಗೆ ಅನುಮಾನವೇ ಇರಲಿಲ್ಲ.

ಬೀರಪ್ಪ ತಗಡಿನ ಮೊಳೆತೂತುಗಳನ್ನು ನೋಡಿ, ತಾನು ಹೊಡೆದ ಮೊಳೆಗಳ ಜಾಗ ಅವಲ್ಲವೆಂದು ಕಂಡು, "ಖರೆ ಐತ್ರಿ, ಇವು ಅಕ್ಕನವು" ಎಂದ.

ಪಡುವಣದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಗಂಗವ್ವ ಅದನ್ನೇ ನೋಡಿ, "ತಮ್ಮಾ, ನಾಕು ನೀ ಒಯ್ಯಿ. ಈದ ನಿನ್ನ ಎಮ್ಮಿ ಮಳ್ಯಾಗ ತೊಯ್ಯಬಾರ್ದು" ಎಂದಳು.

ನ್ಯಾಯ ಹೇಳಿದವನೆಂದು ಯಾರೂ ನನಗೆ ಕುರ್ಚಿ ಹಾಕಲಿಲ್ಲ. ತಗಡಿನ ಒಂದು ತುದಿ ಹಿಡಿಯಲು ಹೇಳಿದರು.