ಇಪ್ಪತ್ತರಿಂದ ನಾಲ್ಕಕ್ಕೆ

ಒದ್ದೆ ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಿದರೆ ಒಂದು ವಾಸನೆ ಏಳುತ್ತದೆ. ಅದು ಮಳೆಯದೂ ಅಲ್ಲ, ಸುಣ್ಣದ್ದೂ ಅಲ್ಲ, ಎರಡರ ನಡುವಿನದು. ಮೊನ್ನೆ ಸೋಮವಾರ ಚಿತ್ತಾಪುರದ ನಮ್ಮ ಮನೆಯ ಬಾಗಿಲ ಮುಂದಿನ ಕಲ್ಲು ತೊಳೆದು ಒಳಗೆ ಹೋಗಿದ್ದೆ. ತಿರುಗಿ ಬಂದರೆ ಎದುರು ಮನೆಯ ಹುಡುಗಿ ಕುಂಟಬಿಲ್ಲೆ ಆಡಲು ಆ ಹಸಿ ಕಲ್ಲಿನ ಮೇಲೆಯೇ ಮನೆ ಗೀಚುತ್ತಿದ್ದಳು. "ಕಾಣವಲ್ದು ಟೀಚರ್" ಎಂದು ನನಗೇ ದೂರು ಬೇರೆ. ಈಗಷ್ಟೇ ತೊಳೆದ ಕಲ್ಲು! ಬೈಯಬೇಕೆಂದು ಬಾಯಿ ತೆರೆದೆ, ಆ ವಾಸನೆ ಮೂಗಿಗೆ ಬಂತು, ಬೈಗುಳ ಮರೆತೇಹೋಯಿತು.

ಆ ವಾಸನೆ ನಮ್ಮ ಬೋರ್ಡ್ ಕಾಕಾನ ಕೈಯದು.

ಶಹಾಬಾದದಲ್ಲಿ ಕಲ್ಲಿನ ಖಣಿಗಳ ಪಕ್ಕದ ಸಾಲುಮನೆಗಳಲ್ಲಿ ನಮ್ಮದೊಂದು. ಅದಕ್ಕೆ ಗೋಡೆಗೆ ಗೋಡೆ ಹತ್ತಿ ಕಾಕಾನ ಮನೆ. ರಕ್ತಸಂಬಂಧ ಏನಿಲ್ಲ, ಓಣಿಯ ಮಕ್ಕಳಿಗೆಲ್ಲ ಅವರು ಕಾಕಾ. ಹಾಸುಗಲ್ಲುಗಳ ಅಳತೆ ತೆಗೆದು, ಅವುಗಳ ಬೆನ್ನ ಮೇಲೆ ಅಂಕಿ ಬರೆಯುವುದು ಅವರ ನೌಕರಿ. ಅದಕ್ಕೂ ಮುಂಚೆ ಹದಿನೆಂಟು ವರ್ಷ ಹೈದರಾಬಾದಿನ ಕುದುರೆ ರೇಸಿನಲ್ಲಿ ಒಬ್ಬ ಬುಕ್ಕಿಯ ಬೋರ್ಡು ಬರೆದವರು. ಈ ಮಾತನ್ನು ದೊಡ್ಡವರು ದನಿ ತಗ್ಗಿಸಿ ಹೇಳುತ್ತಿದ್ದರು. "ಜೂಜಿನ ಅನ್ನ ಉಂಡಾಂವ" ಎಂದು ನಮ್ಮ ಅಪ್ಪನೇ ಅನ್ನುತ್ತಿದ್ದ. ಅವರ ಮನೆಯ ಚಹಾ ಸಹ ಮುಟ್ಟುತ್ತಿರಲಿಲ್ಲ. ಕಾಕಾ ಮಾತ್ರ ಏನನ್ನೂ ಮುಚ್ಚಿಡಲಿಲ್ಲ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಪೈಸೆ ತಾವು ಪಣಕ್ಕೆ ಹಚ್ಚಿಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದರು. "ಆಡೋ ಕೈ ನೆಟ್ಟಗ ಬರಿಯಂಗಿಲ್ಲ" ಎಂಬುದು ಅವರ ಮಾತು.

ಸಂಜೆ ಕಟ್ಟೆಯ ಮೇಲೆ ಕುಳಿತರೆ ಆ ವಿದ್ಯೆಯನ್ನು ನಮಗೆ ಬಿಡಿಸಿ ಹೇಳುತ್ತಿದ್ದರು. ಕುದುರೆಗಳ ಹೆಸರು ಒಂದರ ಕೆಳಗೊಂದು, ಪಕ್ಕದಲ್ಲಿ ಗೆದ್ದರೆ ಒಂದಕ್ಕೆ ಎಷ್ಟು ಸಿಗುತ್ತದೆ ಎಂಬ ಅಂಕಿ. ಯಾವ ಕುದುರೆಯ ಮೇಲೆ ಜನ ಮುಗಿಬೀಳುತ್ತಾರೋ ಅದರ ಅಂಕಿ ಇಳಿಯಬೇಕು, ಯಾರೂ ಕೇಳದ ಕುದುರೆಯದು ಏರಬೇಕು. ಬುಕ್ಕಿ ಬಾಯಿ ಬಿಡುವುದಿಲ್ಲ, ಬೆರಳು ತೋರಿಸುತ್ತಾನೆ ಅಷ್ಟೆ. ಎಡಗೈಯ ಹಸಿ ಬಟ್ಟೆ ಹಳೆಯ ಅಂಕಿಯನ್ನು ಒರೆಸುವ ಹೊತ್ತಿಗೆ ಬಲಗೈ ಹೊಸದನ್ನು ಬರೆದಿರಬೇಕು. ಅವರ ಬಲಗೈಯ ಸೀಮೆಸುಣ್ಣ ಯಾವಾಗಲೂ ನೀರಲ್ಲಿ ಅದ್ದಿದ್ದು. ಹಸಿ ಸೀಮೆಸುಣ್ಣದಲ್ಲಿ ಬರೆದದ್ದು ಮೊದಲು ಕಾಣುವುದೇ ಇಲ್ಲ. ಒಣಗಿತೆಂದರೆ ಬೆಳ್ಳಗೆ ಎದ್ದು ನಿಲ್ಲುತ್ತದೆ, ಹಸಿ ಬಟ್ಟೆ ಬೀಳುವ ತನಕ ಹತ್ತು ಮೊಳಕೈ ಉಜ್ಜಿದರೂ ಹೋಗುವುದಿಲ್ಲ. ನಾವು "ಕಾಣವಲ್ದು ಕಾಕಾ" ಎಂದು ಕೂಗಿದರೆ ಅವರು ತಿರುಗಿಯೂ ನೋಡದೆ "ತಡೀರಿ, ಒಣಗಲಿ" ಎನ್ನುತ್ತಿದ್ದರು...

ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ನಮ್ಮಲ್ಲಿ ಸೈಕಲ್ ಶರ್ಯತ್ತು. ಮೈದಾನದಿಂದ ಹೊರಟು, ವಾಡಿ ಕಡೆಯ ರಸ್ತೆಯಲ್ಲಿ ರೈಲ್ವೆ ಗೇಟಿನ ತನಕ ಹೋಗಿ, ಗೇಟು ಮುಟ್ಟಿ ತಿರುಗಿ ಬರಬೇಕು. ಬೇವಿನ ಗಿಡಕ್ಕೆ ಆನಿಸಿಟ್ಟ ಆಳೆತ್ತರದ ಕರಿ ಹಾಸುಗಲ್ಲೇ ಕಾಕಾನ ಬೋರ್ಡು. ಪಣಕ್ಕೆ ದುಡ್ಡಿಲ್ಲ, ಬರೀ ಚಹಾ. ಕಲ್ಲಿನ ಅಡ್ಡೆಯಲ್ಲಿ ದುಡಿಯುವವರಿಗೆ ದಿನಕ್ಕೆರಡು ಚಹಾದ ತಗಡಿನ ಟೋಕನ್ ಸಿಗುತ್ತಿತ್ತು. ಅದರಲ್ಲೊಂದನ್ನು ತಮಗೆ ಬೇಕಾದ ಸವಾರನ ಮೇಲೆ ಹಚ್ಚುವುದು, ಗೆದ್ದರೆ ಬೋರ್ಡಿನಲ್ಲಿದ್ದಷ್ಟು ಚಹಾ ಕ್ಯಾಂಟೀನಿನವನು ಕುಡಿಸುವುದು. ಕುಡಿದು ಕುಡಿದು ಒಂದು ವಾರ ನಿದ್ದೆಗೆಟ್ಟವರೂ ಇದ್ದರು.

ನಾನು ಒಂಬತ್ತನೆಯ ಈಯತ್ತೆಯಲ್ಲಿದ್ದ ವರ್ಷ ಆ ಶರ್ಯತ್ತಿಗೆ ಹೆಸರು ಕೊಟ್ಟೆ. ಅಲ್ಲಿಯವರೆಗೆ ಹೆಣ್ಣುಮಕ್ಕಳು ಯಾರೂ ಕೊಟ್ಟಿರಲಿಲ್ಲ. ಹೈಸ್ಕೂಲು ಮೂರು ಮೈಲು ದೂರ. ನಮ್ಮ ಓಣಿಯ ಹುಡುಗಿಯರು ಏಳನೆಯದಕ್ಕೇ ನಿಂತಿದ್ದರು, ಅಪ್ಪನ ಹಳೆಯ ಸೈಕಲ್ ಇದ್ದದ್ದರಿಂದ ನಾನೊಬ್ಬಳು ಹೋಗುತ್ತಿದ್ದೆ. ಹುಡುಗಿ ಸೈಕಲ್ ತುಳಿಯುವುದನ್ನು ಜನ ಆಡಿಕೊಳ್ಳುತ್ತಾರೆಂದು ಅಪ್ಪನಿಗೆ ಮೊದಲೇ ಮುಜುಗರ. ಶರ್ಯತ್ತಿನ ಮಾತೆತ್ತಿದಾಗ ಹೇಳಿದ, "ಹೋಗು. ಆದ್ರ ಅರ್ಧಕ್ಕ ಇಳದು ನೂಕ್ಕೊಂತ ಬಂದು ಮಂದಿ ಕೈಲಿ ನಗಿಸ್ಕೊಂಡಿ ಅಂದ್ರ ಸೈಕಲ್ ಬಂದ್." ಸೈಕಲ್ ಬಂದ್ ಅಂದರೆ ಸಾಲಿ ಬಂದ್.

ಅವತ್ತು ಝೆಂಡಾ ಏರಿಸಿದ ಮೇಲೆ ಬೇವಿನ ಗಿಡದ ಹತ್ತಿರ ಹೋದೆ. ಏಳು ಹೆಸರು. ಲಾರಿ ಕ್ಲೀನರ್ ಹುಡುಗನದು ಒಂದಕ್ಕೆ ಎರಡು. ಉಳಿದವರದು ಮೂರು, ಐದು, ಎಂಟು. ಎಲ್ಲರ ಕೆಳಗೆ ನನ್ನ ಹೆಸರು, ಪಕ್ಕದಲ್ಲಿ ಇಪ್ಪತ್ತು! ಅಷ್ಟು ಚೆಂದದ ಇಪ್ಪತ್ತನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಗೋಡೆಯಾಚೆಯ ಕಾಕಾ, ನನಗೆ ಅಂಕಿ ತಿದ್ದಿಸಿದ ಕಾಕಾ, ಊರ ಮುಂದೆ ಹೀಗೆ ಬರೆದರಲ್ಲ ಎಂದು ಕಣ್ಣಲ್ಲಿ ನೀರು ಬಂತು. ನನ್ನ ಹೆಸರು ಅಳಿಸಿಬಿಡ್ರಿ ಎಂದೆ.

ಕಾಕಾ ಬಟ್ಟೆ ಹಿಂಡುತ್ತಲೇ ಹೇಳಿದರು, "ಹೆಸರು ಅಳಿಸಿದ್ರ ನೀ ಓಡಂಗಿಲ್ಲಂತ ಅರ್ಥ. ಓಡಂಗಿಲ್ಲೇನು?"

"ಓಡ್ತೀನಿ."

"ಮತ್ತ ಇರಲಿ. ಈ ಅಂಕಿ ನಿಂದಲ್ಲ ಮಗಳ, ಮಂದೀದು. ನಿನ್ನ ಮ್ಯಾಲ ಒಬ್ರೂ ಟೋಕನ್ ಇಟ್ಟಿಲ್ಲ, ಅದಕ್ಕ ಇಪ್ಪತ್ತು. ಕುದುರಿ ಬೋರ್ಡ್ ಓದಂಗಿಲ್ಲ."

ಅಷ್ಟರಲ್ಲಿ ಕ್ಲೀನರ್ ಹುಡುಗನ ದೋಸ್ತರು ಹಿಂದೆ ಬಂದು ನಿಂತರು. "ನೂರು ಬರೀರಿ ಕಾಕಾ, ನೂರು! ಮಜಾ ಬರ್ತದ" ಎಂದು ಕೇಕೆ ಹಾಕಿದರು. ಕ್ಯಾಂಟೀನಿನವನೂ ನಕ್ಕು, ಬರೆದುಬಿಡ್ರಿ, ನನಗೇನು ನಷ್ಟ ಎಂದ. ಕಾಕಾ ತಿರುಗಿದರು. ಅವರು ಬೋರ್ಡಿಗೆ ಬೆನ್ನು ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಚ್ಯಾಷ್ಟಿ ಬರಿಯೋ ಬೋರ್ಡ್ ಅಲ್ಲ ಇದು. ಏಳು ಸೈಕಲ್ ಅವ, ಏಳೂ ಗೇಟಿನ ತನಕ ಹೋಗ್ತಾವ. ಇಪ್ಪತ್ತಂದ್ರ ಇಪ್ಪತ್ತು" ಎಂದರು. ಜೋರೇನೂ ಮಾಡಲಿಲ್ಲ, ಆದರೂ ಹುಡುಗರು ಹಿಂದೆ ಸರಿದರು. ನನ್ನ ಸಿಟ್ಟು ಎಲ್ಲಿ ಇಳಿಯಿತೋ ನನಗೇ ತಿಳಿಯಲಿಲ್ಲ.

ಆಮೇಲೆ ಬಂದವರು ಕಲ್ಲಿನ ಅಡ್ಡೆಯ ಹೆಣ್ಣುಮಕ್ಕಳು. ಕಲ್ಲು ಹೊರಲು ತಲೆಗಿಟ್ಟ ಬಟ್ಟೆಯ ಸಿಂಬಿ ಕೂಡ ತೆಗೆದಿರಲಿಲ್ಲ, ಸೆರಗಿನ ತುಂಬ ಕಲ್ಲಿನ ಪುಡಿ. ಅವರಲ್ಲಿ ಯಾರಿಗೂ ಓದು ಬರುತ್ತಿರಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಒಬ್ಬಾಕೆ "ಈ ಪೋರಿ ಹೆಸರು ಯಾವದ್ರಿ?" ಎಂದು ಕೇಳಿದಳು. ಕಾಕಾ ಬೆರಳಿಟ್ಟು ತೋರಿಸಿದರು. ಆಕೆ ಸೆರಗಿನ ಗಂಟು ಬಿಚ್ಚಿ ತನ್ನ ಚಹಾದ ಟೋಕನ್ ತೆಗೆದು ಕಲ್ಲಿನ ಬುಡದಲ್ಲಿದ್ದ ತಾಟಿನಲ್ಲಿ ನನ್ನ ಹೆಸರಿಗೆ ಹಾಕಿದಳು. ಅವಳ ಹಿಂದಿನವಳೂ ಹಾಕಿದಳು. ಕಾಕಾನ ಎರಡೂ ಕೈ ಒಟ್ಟಿಗೇ ಆಡಿದವು. ಇಪ್ಪತ್ತು ಹೋಗಿ ಹದಿನಾಲ್ಕಾಯಿತು. "ಒಂದಕ್ಕ ಹದಿನಾಲ್ಕು" ಎಂದು ಕೂಗಿದರು, ಹೈದರಾಬಾದಿನ ಮೈದಾನದಲ್ಲಿ ಕೂಗುತ್ತಿದ್ದಿರಬೇಕು ಹಾಗೆ. ಮತ್ತೆ ಮೂರು ಟೋಕನ್ ಬಿದ್ದವು, ಹತ್ತಾಯಿತು. ಆಮೇಲೆ ಆರು. ಕ್ಯಾಂಟೀನಿನವನ ನಗು ಹೋಗಿ ಬೆವರು ಬಂತು. ಹನ್ನೊಂದನೆಯಾಕೆ ಟೋಕನ್ ಹಾಕಿದಾಗ ಕಾಕಾ ನನ್ನ ಹೆಸರಿನ ಮುಂದೆ ನಾಲ್ಕು ಬರೆದು, ಮೇಲಿದ್ದ ಕ್ಲೀನರ್ ಹುಡುಗನ ಎರಡನ್ನು ಒರೆಸಿ ಮೂರು ಮಾಡಿದರು. ಅಪ್ಪ ಜನರ ಹಿಂದೆ ನಿಂತು ಆ ಅಂಕಿಗಳನ್ನೇ ನೋಡುತ್ತಿದ್ದ.

ಶರ್ಯತ್ತಿನ ವಿಷಯ ಸುಳ್ಳು ಹೇಳಲಾರೆ. ಗೆಲ್ಲಲಿಲ್ಲ. ಹೋಗುವಾಗ ಐದನೆಯವಳಾಗಿದ್ದೆ. ಗೇಟು ಮುಟ್ಟಿ ತಿರುಗಿದ ಮೇಲೆ ಏರು, ಎದುರು ಗಾಳಿ, ಬಾಯಲ್ಲಿ ಲಾರಿಯ ಧೂಳು. ಇಳಿದುಬಿಡೋಣ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆಗ ಕಣ್ಣಿಗೆ ಬಂದದ್ದು ಅಪ್ಪನ ಮುಖವಲ್ಲ, ಆ ತಾಟಿನಲ್ಲಿ ಬಿದ್ದ ಹನ್ನೊಂದು ಟೋಕನ್. ಆ ಹೆಂಗಸರು ಮಧ್ಯಾಹ್ನದ ಚಹಾ ಬಿಟ್ಟು ನಿಂತಿದ್ದಾರಲ್ಲ ಅನ್ನಿಸಿತು. ಪೆಡಲಿನ ಮೇಲೆ ಎದ್ದು ನಿಂತು ತುಳಿದೆ. ಇಬ್ಬರನ್ನು ಹಿಂದೆ ಹಾಕಿ ಮೂರನೆಯವಳಾಗಿ ಮೈದಾನಕ್ಕೆ ಬಂದೆ. ನಗುವುದು ಹಾಗಿರಲಿ, ಆ ಸಿಂಬಿಯವರ ಕೂಗಿಗೆ ಬೇವಿನ ಗಿಡದ ಕಾಗೆಗಳೆಲ್ಲ ಎದ್ದು ಹಾರಿದವು. ಅವರೆಲ್ಲರ ಚಹಾ ಹೋಗಿತ್ತು, ಒಬ್ಬಳೂ ಮುಖ ಸಣ್ಣ ಮಾಡಲಿಲ್ಲ.

ಶರ್ಯತ್ತು ಮುಗಿದೊಡನೆ ಬೋರ್ಡು ಒರೆಸುವುದು ರೂಢಿ. ಕಾಕಾ ಆರು ಹೆಸರು ಒರೆಸಿದರು, ನನ್ನದನ್ನು ಬಿಟ್ಟರು. "ಸೋತೆ ಕಾಕಾ" ಎಂದೆ, ಏದುಸಿರು ಬಿಡುತ್ತ.

"ಯಾರು ಗೆದ್ರು ಅನ್ನೋದು ನಾಳಿಗಿ ಮರೀತಾರ. ಇಪ್ಪತ್ತಕ್ಕ ಸುರುವಾಗಿ ನಾಲ್ಕಕ್ಕ ಬಂದು ನಿಂತ ಕುದುರಿ ಮಾತ್ರ ಮಂದಿ ಮರಿಯಂಗಿಲ್ಲ. ಮುಂದಿನ ಸಲ ಬಂದ್ ಕೂಡ್ಲೆ ಅದರ ಹೆಸರೇ ಹುಡಕ್ತಾರ. ಹದಿನೆಂಟ್ ವರ್ಷದಾಗ ನಾ ಅಂಥಾ ಅಂಕಿ ಬರದದ್ದು ಭಾಳ ಕಮ್ಮಿ."

ಆಗ ಅಪ್ಪ ಬಂದ. ಕೈಯಲ್ಲಿ ಎರಡು ಕಪ್ ಚಹಾ. ಒಂದನ್ನು ಕಾಕಾನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಅವರ ಪಕ್ಕದಲ್ಲೇ ನಿಂತು ಕುಡಿದ. ಮರುದಿನ ಬೆಳಿಗ್ಗೆ ನೋಡಿದರೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿದ್ದಿತ್ತು. ಮುಂದಿನ ವರ್ಷ ಆ ಕಲ್ಲಿನ ಮೇಲೆ ಮೂವರು ಹುಡುಗಿಯರ ಹೆಸರುಗಳಿದ್ದವು.

ಆ ಸೈಕಲ್ಲೇ ನನ್ನನ್ನು ಮೆಟ್ರಿಕ್ ದಾಟಿಸಿತು, ತರಬೇತಿಗೆ ಕಳಿಸಿತು. ಚಿಂಚೋಳಿ, ಸೇಡಂ, ಚಿತ್ತಾಪುರ ಎಂದು ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಆಟ ಕಲಿಸಿದೆ. ಕಾಕಾ ತೀರಿಕೊಂಡಾಗ ಚಿಂಚೋಳಿಯಲ್ಲಿದ್ದೆ, ಸುದ್ದಿ ಮುಟ್ಟಿದ್ದು ತಿಂಗಳ ಮೇಲೆ. ಆ ನೋವು ಇವತ್ತಿಗೂ ಇದೆ. ಮುಂದೆ ಖಣಿ ದೊಡ್ಡದಾಗಿ ಸಾಲುಮನೆಗಳನ್ನು ಕೆಡವುವಾಗ ಓಡಿ ಹೋಗಿ ಬೇವಿನ ಗಿಡದ ಬುಡದ ಆ ಹಾಸುಗಲ್ಲನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ. ಇಷ್ಟು ದೊಡ್ಡ ಊರಲ್ಲಿ ಕಲ್ಲಿಗೇನು ಬರ, ಅಲ್ಲಿಂದ ಹೊತ್ತು ತರಬೇಕಿತ್ತಾ ಎಂದು ಎಲ್ಲರೂ ನಕ್ಕರು. ಬಾಗಿಲ ಮುಂದೆ ಈಗ ನಾನು ದಿನಾ ತೊಳೆಯುವುದು ಅದನ್ನೇ.

ಕಾಕಾನ ಮುಖ ನೆನಪಿಸಿಕೊಳ್ಳಲು ನೋಡುತ್ತೇನೆ, ಆಗುವುದಿಲ್ಲ... ಅವರ ಬದುಕೆಲ್ಲ ಜನರಿಗೆ ಬೆನ್ನು ತೋರಿಸಿ ಬರೆದದ್ದೇ ಆಯಿತು. ಕಣ್ಣ ಮುಂದೆ ಬರುವುದು ಬೆವರಿಗೆ ಅಂಟಿದ ಅಂಗಿಯ ಬೆನ್ನು, ಬೆಳ್ಳಗಾದ ಬೆರಳು, ಅಷ್ಟೇ. ಒಂದು ಫೋಟೋ ಕೂಡ ಇಲ್ಲ.

ಎದುರು ಮನೆಯ ಹುಡುಗಿ ಇನ್ನೂ ಗೊಣಗುತ್ತಿದ್ದಳು. "ತಡಿ, ಒಣಗಲಿ" ಎಂದೆ. ಅವಳ ಕೈಯಿಂದ ತುಂಡು ಇಸಿದುಕೊಂಡು, ತಂಬಿಗೆಯಲ್ಲಿ ಅದ್ದಿ, ಕಲ್ಲಿನ ಮೂಲೆಯಲ್ಲಿ ನಾಲ್ಕು ಬರೆದೆ. ಮೊದಲು ಏನೂ ಕಾಣಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಬಿಸಿಲು ಬಂದು ಮೊದಲು ಅವಳ ಮನೆಗಳು, ಆಮೇಲೆ ನನ್ನ ನಾಲ್ಕು, ಬೆಳ್ಳಗೆ ಎದ್ದವು.

"ಇದು ಯಾರ ನಂಬರ್ ಟೀಚರ್?" ಎಂದು ಕೇಳಿದಳು.

ನಂದು ಎಂದು ಬಾಯಿಗೆ ಬಂದಿತ್ತು. ಕಾಕಾ ಕೇಳಿಸಿಕೊಂಡಿದ್ದರೆ ತಿದ್ದುತ್ತಿದ್ದರು.

"ಮಂದೀದು" ಎಂದೆ. "ಮೊದಲ ಬರೆದವ್ರು ಮಾತ್ರ ಈಗಿಲ್ಲ."