ಎರಡೂ ಪಂಕ್ತಿಯಲ್ಲಿ ಉಂಡ ಮೇಷ್ಟ್ರು

ನಮ್ಮ ಮೇಷ್ಟ್ರ ಬಲಗೈ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಚಿಕ್ಕಂದಿನಲ್ಲಿ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಕಬ್ಬಿನ ಜೊತೆ ಬೆರಳೂ ಹೋಗಿತ್ತಂತೆ. ಆ ಮೋಟು ಬೆರಳಿನಿಂದಲೇ ಅವರು ಪ್ರಪಂಚದ ಭೂಪಟ ತೋರಿಸುತ್ತಿದ್ದರು. ಈಜಿಪ್ಟ್ ಎಂದು ಬೆರಳಿಟ್ಟರೆ ಅದು ಈಜಿಪ್ಟೋ, ಪಕ್ಕದ ದೇಶವೋ ನಮಗೆ ಗೊತ್ತಾಗುತ್ತಿರಲಿಲ್ಲ. ಹಿಂದಿನ ಬೆಂಚಿನವರು ಕಿಸಕ್ಕೆಂದರೆ, "ನಗ್ರಪ್ಪ ನಗ್ರಿ. ಬೆರಳು ಮೋಟಾದ್ರೂ ದೇಸ ಅಲ್ಲೇ ಅದೆ, ಎಲ್ಲೂ ಓಗಕಿಲ್ಲ" ಎಂದು ತಾವೂ ನಗುತ್ತಿದ್ದರು.

ಕಿರುಗಾವಲಿಗೆ ಹತ್ತಿರದ ನಮ್ಮೂರಿನ ಹೈಸ್ಕೂಲಿನಲ್ಲಿ ಅವರು ಸಮಾಜ ಪಾಠ ಹೇಳುತ್ತಿದ್ದರು. ಅಲಿಪ್ತ ನೀತಿಯ ಪಾಠ ಬಂತೆಂದರೆ ಪುಸ್ತಕ ಮಡಿಚಿಟ್ಟುಬಿಡುವರು. ನಮ್ಮದು ನಾಲೆಯ ಕೊನೆಯ ಭಾಗದ ಊರು. ಮೇಲಿನವರು ಹಾಯಿಸಿಕೊಂಡು ಮಿಕ್ಕಿದ ನೀರು ನಮಗೆ. ಹಾಗಾಗಿ ಮೇಷ್ಟ್ರು ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ.

"ತೂಬಿನ ತಾವ ಇಬ್ರು ದೊಡ್ಡ ರೈತ್ರು ಜಗಳಕ್ಕೆ ಬಿದ್ದವ್ರೆ ಅನ್ಕಳಿ. ಇಬ್ರೂ ನಿಮ್ಮನ್ನ ನನ್ನ ಕಡೆ ಬಾ ಅಂತಾರೆ. ಒಬ್ಬನ ಕಡೆ ಓದ್ರೆ ಇನ್ನೊಬ್ಬ ನೀರು ಕಟ್ತಾನೆ. ಆಗ ಕೊನೆ ಗದ್ದೆಯೋರು ಒಬ್ಬೊಬ್ರೇ ಓಗಿ ಬೇಡ್ಕಬಾರ್ದು. ಎಲ್ಲಾ ಒಟ್ಗೆ ಓಗಿ, ನಾವು ನಿಮ್ಮಿಬ್ರ ಆಳೂ ಅಲ್ಲ, ನಮ್ಮ ಪಾಲಿನ ನೀರು ಬುಡಿ ಅನ್ಬೇಕು. ಅಷ್ಟೇ ಕಣ್ರಲಾ ಅಲಿಪ್ತ ನೀತಿ!"

ಹೇಳಿದ್ದನ್ನು ಮಾಡಿಯೂ ತೋರಿಸುವ ಚಟ ಅವರಿಗಿತ್ತು. ನಮ್ಮೂರಲ್ಲಿ ನಿಜಕ್ಕೂ ಎರಡು ಗುಂಪುಗಳಿದ್ದವು, ಮೇಲಿನ ಬೀದಿ ಮತ್ತು ಕೆಳಗಿನ ಬೀದಿ. ಒಂದು ಸಲ ಎರಡೂ ಬೀದಿಯವರು ಹಟಕ್ಕೆ ಬಿದ್ದು ಒಂದೇ ದಿನ ಬೀಗರೂಟ ಇಟ್ಟುಕೊಂಡರು. ಯಾರ ಪಂಕ್ತಿಯಲ್ಲಿ ಕೂತರೋ ಅವರ ಕಡೆಯವರು ಎಂದೇ ಅರ್ಥ. ಎರಡು ಕಡೆಯೂ ಬಂಡೂರು ಕುರಿಯ ಬಾಡು ಬೇಯುತ್ತಿದ್ದರೂ, ಸಹವಾಸವೇ ಬೇಡಪ್ಪ ಎಂದು ಎಷ್ಟೋ ಜನ ನೆಂಟರೂರಿಗೆ ಬಸ್ಸು ಹತ್ತಿದರು. ಮೇಷ್ಟ್ರು ಮಾತ್ರ ಕೆಳಗಿನ ಬೀದಿಯಲ್ಲಿ ಉಂಡು, ಕೈ ತೊಳೆದು, ನೆಟ್ಟಗೆ ನಮ್ಮ ಮೇಲಿನ ಬೀದಿಗೆ ಬಂದು ಎಲೆಯ ಮುಂದೆ ಕೂತರು. ಆ ಊಟ ಹಾಕಿಸುತ್ತಿದ್ದವನು ನಮ್ಮ ದೊಡ್ಡಪ್ಪ.

"ಅಲ್ಲೂ ಉಂಡ್ಬುಟ್ಟು ಬಂದ್ರಂತಲ್ಲ ಮೇಷ್ಟ್ರೆ?" ಎಂದ ದೊಡ್ಡಪ್ಪ.

"ಊಂ ಕಣಪ್ಪ, ಉಂಡೆ. ಅಲ್ಲೊಂದ್ ಮುದ್ದೆ, ಇಲ್ಲೊಂದ್ ಮುದ್ದೆ. ಅವ್ರು ನಾಲೆಗೆ ಕಳ್ಳ ಪೈಪು ಆಕಿರಾದು ತಪ್ಪು ಅಂತ ಅಲ್ಲೇ ಏಳ್ಬುಟ್ಟು ಬಂದಿವ್ನಿ. ನೀವು ತೂಬಿಗೆ ಬೀಗ ಜಡ್ದಿರಾದೂ ತಪ್ಪೇ. ಸಾರು ಬುಡ್ಸಿ ಈಗ."

ದೊಡ್ಡಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಎಲೆಯ ಮುಂದೆ ಕೂತವರನ್ನು ಎಬ್ಬಿಸುವುದುಂಟೆ? ಹಲ್ಲು ಕಚ್ಚಿಕೊಂಡು ಸಾರು ಬಿಡಿಸಿದ. ಹುಟ್ಟಿದಾಗಿನಿಂದ ಯಾವುದರಲ್ಲೂ ಒಂದಾಗದ ಎರಡು ಬೀದಿಯವರೂ ಆಮೇಲೆ ಒಂದಾಗಿ ಅರ್ಜಿ ಕೊಟ್ಟು ಮೇಷ್ಟ್ರನ್ನು ದುದ್ದದ ಕಡೆಗೆ ವರ್ಗ ಮಾಡಿಸಿದರು. ಹೊರಡುವ ದಿನ ಬಸ್ಸಿನ ಹತ್ತಿರ ನಿಂತು, "ಎರಡೂ ಕಡೆ ಊಟಕ್ಕೆ ಹೋಗ್ದೇ ಇದ್ದಿದ್ರೆ ಆಗ್ತಿತ್ತಲ್ವಾ ಸಾರ್?" ಎಂದೆ. ಅವರಿಗೆ ರೇಗಿತು. "ಬಾಗ್ಲಾಕಂಡು ಒಳಗೆ ಕೂತ್ಕಳಾದು ಅಲಿಪ್ತ ನೀತಿ ಅಲ್ಲ ಕಣ್ಲಾ, ಅದು ಎದ್ರಿಕೆ. ಪರೀಕ್ಸೇಲಿ ಅಂಗೇನಾರ ಬರ್ದೀಯ!"

ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆದೆ. ಅವರ ದೆಸೆಯಿಂದಲೇ ರಾಜ್ಯಶಾಸ್ತ್ರ ಓದಿದೆ, ಮಂಡ್ಯದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವವನಾದೆ. ಆದರೆ ಆ ಕಾಲೇಜಿನಲ್ಲಿ ನಾನು ಬಾಗಿಲು ಹಾಕಿಕೊಂಡು ಕೂತವನು. ಆಡಳಿತ ಮಂಡಳಿಯಲ್ಲಿ ಅಧ್ಯಕ್ಷರದೊಂದು ಗುಂಪು, ಕಾರ್ಯದರ್ಶಿಗಳದೊಂದು ಗುಂಪು. ನಾನು ಇಬ್ಬರಿಗೂ ನಮಸ್ಕಾರ ಹಾಕಿ, ಇಬ್ಬರ ಮುಂದೆಯೂ ಬಾಯಿ ಹೊಲಿದುಕೊಂಡು ಇರುತ್ತಿದ್ದೆ. ಕೇಳಿದವರಿಗೆ, ನಂದು ಅಲಿಪ್ತ ನೀತಿ ಕಣ್ರೀ ಎಂದು ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದೆ. ನನ್ನ ಜನ್ಮಕ್ಕಿಷ್ಟು.

ಮೊನ್ನೆ ಮೊನ್ನೆಯ ಮಾತು. ಅಲಿಪ್ತ ನೀತಿಗೆ ಮುಂದೆ ಕೆಲಸವಿದೆಯೇ ಎಂಬ ಬಗ್ಗೆ ಕಾಲೇಜಿನಲ್ಲಿ ಒಂದು ಸೆಮಿನಾರು ಮಾಡಲು ನನಗೆ ಹೇಳಿದರು. ಮುಖ್ಯ ಭಾಷಣಕ್ಕೆ ಮೇಷ್ಟ್ರನ್ನೇ ಕರೆದೆ. ನಿವೃತ್ತರಾಗಿ ಕಿರುಗಾವಲಿನಲ್ಲಿ ನೆಲೆಸಿದ್ದರು, ಎಂಬತ್ತು ದಾಟಿತ್ತು.

"ಸತ್ತೋಗಿರೋ ಪಾಠಕ್ಕೆ ನನ್ನ ಯಾಕ್ಲಾ ಕರೀತೀಯ?" ಎಂದು ಫೋನಿನಲ್ಲಿ ನಕ್ಕರು.

"ಎಲ್ರೂ ಅದನ್ನೇ ಅಂತಾರೆ ಸಾರ್. ಎರಡು ಬಣಗಳೇ ಇಲ್ಲ ಅಂದ್ಮೇಲೆ ದೂರ ನಿಲ್ಲೋದು ಯಾರಿಂದ ಅಂತ."

"ಅಯ್ಯೋ ಅವರ! ಆಗ ತೂಬಿನ ತಾವ ಇಬ್ರಿದ್ರು, ಈಗ ಐದಾರು ಜನ ಅವ್ರೆ. ಒಬ್ಬ ರೋಡು ಮಾಡ್ಕೊಡ್ತೀನಿ, ನಿನ್ ಬಂದರು ಬರ್ಕೊಡು ಅಂತಾನೆ. ಇನ್ನೊಬ್ಬ ಅವ್ನ ತಾವ ಎಣ್ಣೆ ತಗಂಡ್ರೆ ಸುಂಕ ಆಕ್ತೀನಿ ಅಂತಾನೆ. ಮತ್ತೊಬ್ಬ ನಿನ್ ಪೋನು, ಕಂಪ್ಯೂಟ್ರು ಎಲ್ಲಾ ನನ್ದೇ ಆಗಿರ್ಬೇಕು ಅಂತಾನೆ. ಬಡ ದೇಸಗಳು ಒಂದೊಂದೇ ಓಗಿ ಕೈಕಟ್ಕಂಡು ನಿಂತ್ರೆ ಉಳೀತವೇನ್ಲಾ? ಇದು ಮುಗ್ದೋದ ಪಾಠ ಅಲ್ಲ, ಇನ್ಮುಂದೆ ಬೇಕಾಗಾ ಪಾಠ. ಈಗಿನ ಮಕ್ಳಿಗೆ ಒಂದ್ಸಲ ನಿಂತ್ಕಂಡು ಏಳ್ಬುಡ್ಬೇಕು. ಆಮೇಕೆ ನಂಗೆ ಬೇರೆ ಆಸೆ ಇಲ್ಲ ಕಣ್ಲಾ."

ಅವತ್ತಿನಿಂದ ಬರೆಯಲು ಕೂತರು. ಎರಡು ದಿನಕ್ಕೊಮ್ಮೆ ಫೋನು. "ಆಫ್ರಿಕದಲ್ಲಿ ಈಗ ಎಷ್ಟು ದೇಸ ಅವೆ, ನೋಡೇಳ್ಲಾ." ಸರಿಯಾಗಿ ಹೇಳದಿದ್ದರೆ, "ಲೆಕ್ಚರರ್ ಬೇರೆ ನೀನು" ಎಂದು ಬೈಗುಳ.

ಅಷ್ಟರಲ್ಲಿ ಇನ್ನೊಂದು ಎಡವಟ್ಟಾಯಿತು. ಮೇಷ್ಟ್ರು ನಮ್ಮ ಕಾಲೇಜು ನಡೆಸುವ ಸಂಘದ ಹಳೆಯ ಸದಸ್ಯರು, ಓಟು ಹಾಕುವವರು. ಮಂಡಳಿಯ ಚುನಾವಣೆ ಹತ್ತಿರದಲ್ಲಿತ್ತು. ಅವರು ಅಧ್ಯಕ್ಷರ ಮನೆಗೆ ಹೋಗಿ ಕಾಫಿ ಕುಡಿದು, "ಕಾಲೇಜಿನ ಆಟದ ಮೈದಾನ ಮಾರ್ಬ್ಯಾಡಿ" ಎಂದು ಮುಖಕ್ಕೇ ಹೇಳಿದ್ದರು. ಕಾರ್ಯದರ್ಶಿಗಳ ಮನೆಗೂ ಹೋಗಿ, ಅಲ್ಲಿಯೂ ಕುಡಿದು, "ನಿಮ್ಮ ನೆಂಟ್ರನ್ನೇ ಕೆಲಸಕ್ಕೆ ತುಂಬ್ಕಬ್ಯಾಡಿ" ಎಂದಿದ್ದರು. ಒಂದೇ ದಿನ ಇಬ್ಬರೂ ನನ್ನನ್ನು ಕರೆಸಿದರು. "ಆ ಮೇಷ್ಟ್ರನ್ನ ಯಾಕ್ರೀ ಕರೆದ್ರಿ? ಅವ್ರು ಆ ಕಡೆಯೋರು!" ಎಂದು ಇಬ್ಬರೂ ಅಂದದ್ದು ಒಂದೇ ಮಾತು. ಅವರು ಯಾರ ಕಡೆಯೂ ಅಲ್ಲ, ಅವರೇ ಭಾಷಣ ಮಾಡುತ್ತಾರೆ ಎಂದು ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಬಾಯಿ ಬರಲಿಲ್ಲ. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ನಿಜ. ಆದರೆ ಹೆದರುಪುಕ್ಕನಿಗೆ ಒಂದು ನೆಪ ಯಾವಾಗಲೂ ಇದ್ದೇ ಇರುತ್ತದೆ.

ಮೇಷ್ಟ್ರಿಗೆ ಫೋನು ಮಾಡಿ, ಸೆಮಿನಾರು ಮುಂದಕ್ಕೆ ಹೋಗಿದೆ ಎಂದೆ. "ಆಗ್ಲಿ ಬುಡ್ಲಾ, ಬರ್ದಿರಾದ್ನ ಇನ್ನೊಂದ್ಸಲ ತಿದ್ಕತೀನಿ" ಎಂದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಸೆಮಿನಾರು ಮೊದಲು ಗೊತ್ತುಮಾಡಿದ್ದ ದಿನವೇ ನಡೆಯಿತು. ಮೇಷ್ಟ್ರ ಜಾಗದಲ್ಲಿ ನಾನೇ ಮಾತನಾಡಿದೆ. ಯಾವ ಗುಂಪಿಗೂ ನನ್ನ ಮೇಲೆ ತಕರಾರಿರಲಿಲ್ಲ. ನಾಲೆಯ ಕೊನೆಯ ಗದ್ದೆ, ತೂಬಿನ ಹತ್ತಿರದ ಐದಾರು ಜನ, ಬಂದರು, ಎಣ್ಣೆ, ಸುಂಕ, ಎಲ್ಲವನ್ನೂ ನನ್ನದೇ ಎಂಬಂತೆ ಹೇಳಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ತಲೆಯೆತ್ತಿದರೆ ಕೊನೆಯ ಸಾಲಿನಲ್ಲಿ ಮೇಷ್ಟ್ರು ಕೂತಿದ್ದಾರೆ, ತೊಡೆಯ ಮೇಲೆ ಹಾಳೆಗಳ ಕಟ್ಟು! ಕಣ್ಣು ತೋರಿಸಿಕೊಳ್ಳಲು ಮಂಡ್ಯಕ್ಕೆ ಬಂದವರು, ತಿದ್ದಿದ್ದನ್ನು ನನಗೆ ತೋರಿಸಿ ಹೋಗೋಣವೆಂದು ಕಾಲೇಜಿಗೆ ಬಂದಿದ್ದಾರೆ. ಇಬ್ಬರ ಕಣ್ಣೂ ಕೂಡಿದವು. ವೇದಿಕೆಗೆ ಬನ್ನಿ ಸಾರ್ ಎಂದು ಮೈಕಿನಲ್ಲಿ ಕರೆಯಬಹುದಿತ್ತು. ನಾನು ಲೋಟ ಎತ್ತಿಕೊಂಡು ನೀರು ಕುಡಿದೆ. ಲೋಟ ಇಡುವ ಹೊತ್ತಿಗೆ ಆ ಕುರ್ಚಿ ಖಾಲಿಯಾಗಿತ್ತು.

ಇವತ್ತು ಹೋಗಿ ಕಾಲಿಗೆ ಬೀಳುತ್ತೇನೆ, ನಾಳೆ ಹೋಗುತ್ತೇನೆ ಎಂದುಕೊಂಡೇ ನಾಲ್ಕು ತಿಂಗಳು ಕಳೆದೆ. ಹೋಗಿದ್ದು ಅವರ ತಿಥಿಗೆ.

ಶಾಮಿಯಾನದಡಿ ಅಧ್ಯಕ್ಷರೂ ಕಾರ್ಯದರ್ಶಿಗಳೂ ಒಂದೇ ಸಾಲಿನಲ್ಲಿ ಉಣ್ಣುತ್ತಿದ್ದರು. ಮೇಷ್ಟ್ರ ಹೆಂಡತಿ ನನ್ನನ್ನು ಗುರುತು ಹಿಡಿದು ಒಳಗೆ ಕರೆದರು.

"ನಿಮ್ ಕಾಲೇಜಿನ ಸೆಮಿನಾರು ಮುಂದಕ್ಕೋಗಿತ್ತಲ್ಲ, ಆಯ್ತೇನಪ್ಪಾ ಅದು?"

ಅವರೇ ಮುಂದುವರಿಸಿದರು. "ಅವತ್ತು ಕಣ್ ತೋರ್ಸ್ಕಂಡು ಮಂಡ್ಯದಿಂದ ಬಂದೋರು ಉಣ್ನೇ ಇಲ್ಲ. ಯಾಕ್ರೀ, ಉಡ್ಗ ಸಿಕ್ನಿಲ್ವಾ ಅಂದೆ. ಸಿಕ್ದ ಕಣೆ, ಪಾಪ ಅವ್ನಿಗೆ ಇನ್ನೂ ತಾರೀಕು ಕೊಟ್ಟಿಲ್ವಂತೆ, ಕೊಟ್ಟೇಟ್ಗೆ ಕರೀತಾನೆ ಅಂದ್ರು. ಬಿಳೀ ಸಲ್ಟು ಇಸ್ತ್ರಿ ಮಾಡ್ಸಿ ಮಡೀಕಂಡಿದ್ರು ಕಣಪ್ಪ, ಯಾರ್ಗೂ ಮುಟ್ಟಾಕ್ ಬುಡ್ನಿಲ್ಲ."

ಎಂಥವರಿಗೂ ಮುಖದ ಮೇಲೆ ನಿಜ ಹೇಳಿ ವರ್ಗವಾದ ಮನುಷ್ಯ, ನನ್ನ ಮಾನ ಉಳಿಸಲು ಕಟ್ಟಿಕೊಂಡ ಹೆಂಡತಿಗೇ ಸುಳ್ಳು ಹೇಳಿದ್ದರು. ಈಗಲಾದರೂ ಹೇಳು, ಹೇಳು ಎಂದು ಒಳಗಿನಿಂದ ಯಾರೋ ತಿವಿದರು.

"ಇಲ್ಲಮ್ಮ, ಇನ್ನೂ ಆಗಿಲ್ಲ" ಎಂದುಬಿಟ್ಟೆ.

"ಓಗ್ಲಿ ಬುಡಪ್ಪ. ಆದಾಗ ಅವ್ರು ಬರ್ದಿರಾದ್ನ ನೀನೇ ಓದ್ಬುಡು" ಎಂದು ಆ ತಾಯಿ ಹಾಳೆಗಳ ಕಟ್ಟನ್ನು ತಂದು ನನ್ನ ಕೈಗಿಟ್ಟರು. ಬಿಚ್ಚಿ ನೋಡುವ ಅಗತ್ಯವಿರಲಿಲ್ಲ. ಅದರಲ್ಲಿದ್ದ ಮಾತಿಗೆ ನಾನು ಆಗಲೇ ಚಪ್ಪಾಳೆ ತೆಗೆದುಕೊಂಡಿದ್ದೆ.